ಆನೆ ಬೆನ್ನಿನಿಂದ ಹಾಲಿವುಡ್ಡಿಗೆ: ಕಾರಾಪುರದ ಮಾವುತನ ಮಗ ಸಾಬು

ಪಣಜಿ: ನವೆಂಬರ್ ತಿಂಗಳು ಬಂತೆಂದರೆ ಮಾಂಡವಿ ದಂಡೆಯಲ್ಲಿ ಸಿನಿಮಾದ್ದೇ ಮಾತು. 1952ರಲ್ಲಿ ಮುಂಬೈಯಲ್ಲಿ ಹುಟ್ಟಿ ಊರೂರು ತಿರುಗಿದ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ 2004ರಿಂದ ಗೋವೆಯಲ್ಲೇ ನೆಲೆ ನಿಂತಿದೆ. 2007ರಲ್ಲಿ ಅದರ ಜೊತೆಗೆ ಸಿನಿಮಾ ಸಂತೆಯೂ ಶುರುವಾಯಿತು. ಸಿನಿಮಾ ನೋಡುವವರು ಒಂದು ಕಡೆ ಸೇರಿದರೆ, ಸಿನಿಮಾ ಮಾಡುವವರು, ಕೊಳ್ಳುವವರು, ಹಣ ಹೂಡುವವರು ಇನ್ನೊಂದು ಕಡೆ ಸೇರುತ್ತಾರೆ. ಪರದೇಶದ ನಿರ್ಮಾಪಕರಿಗೆ ನಮ್ಮ ಬೆಟ್ಟ, ಕಡಲು, ಕೋಟೆ, ಕಾಡುಗಳ ಚಿತ್ರ ತೋರಿಸಿ, ಇಲ್ಲಿ ಬಂದು ಚಿತ್ರೀಕರಣ ಮಾಡಿ ಎಂದು ಕರೆಯುವ ಕೆಲಸವೂ ಇಲ್ಲಿ ನಡೆಯುತ್ತದೆ.

2023ರ ಉತ್ಸವದಲ್ಲಿ ಕೇಂದ್ರ ಸರ್ಕಾರ ಇದೇ ಗೋವೆಯಲ್ಲಿ ಒಂದು ದೊಡ್ಡ ಘೋಷಣೆ ಮಾಡಿತು. ಭಾರತದಲ್ಲಿ ಚಿತ್ರೀಕರಣ ಮಾಡುವ ವಿದೇಶಿ ಚಿತ್ರಗಳಿಗೆ ಇಲ್ಲಿ ಮಾಡಿದ ಖರ್ಚಿನ ಶೇ. 40ರವರೆಗೆ, ಗರಿಷ್ಠ 30 ಕೋಟಿ ರೂಪಾಯಿ ಪ್ರೋತ್ಸಾಹಧನ ಕೊಡುವುದಾಗಿ ಹೇಳಿತು. ಅದಕ್ಕೂ ಮೊದಲು, 2015ರಲ್ಲೇ, ಪರವಾನಗಿಗಾಗಿ ಇಲಾಖೆಯಿಂದ ಇಲಾಖೆಗೆ ಅಲೆಯುವುದು ತಪ್ಪಲಿ ಎಂದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಪ್ರತ್ಯೇಕ ಕಚೇರಿ ತೆರೆಯಲಾಗಿತ್ತು.

ಗೋವೆಗೆ ಪರದೇಶಿ ಕ್ಯಾಮರಾ ಹೊಸದೇನಲ್ಲ. 1943ರಲ್ಲಿ ಮುರ್ಮುಗೋವಾ ಬಂದರಿನಲ್ಲಿ ಜರ್ಮನ್ ಹಡಗಿನ ಮೇಲೆ ನಡೆದ ಗುಪ್ತ ದಾಳಿಯ ಕಥೆಯನ್ನು 'ದಿ ಸೀ ವೂಲ್ವ್ಸ್' ಎಂಬ ಹೆಸರಿನಲ್ಲಿ ಬ್ರಿಟಿಷರು ಗೋವೆಗೇ ಬಂದು ಚಿತ್ರಿಸಿದ್ದರು. 1980ರಲ್ಲಿ ಅದು ತೆರೆಕಂಡಿತು. 2004ರ 'ದಿ ಬೋರ್ನ್ ಸುಪ್ರಿಮಸಿ' ಚಿತ್ರದ ಆರಂಭದ ಭಾಗ ಕಾಣಕೋಣದ ಪಾಳೋಳೆ ಕಡಲತೀರದ್ದು. ಕಾರವಾರದ ಗಡಿ ದಾಟಿದರೆ ಸಿಗುವ ಊರು ಅದು.

ಇಷ್ಟೆಲ್ಲ ಕಚೇರಿ, ಪ್ರೋತ್ಸಾಹಧನ, ಸಂತೆ ಯಾವುದೂ ಇಲ್ಲದ ಕಾಲದಲ್ಲಿ, ಸುಮಾರು 90 ವರ್ಷಗಳ ಹಿಂದೆ, ನಮ್ಮ ಮೈಸೂರು ಸಂಸ್ಥಾನ ಇಂಥದೇ ಒಂದು ಕೆಲಸ ಮಾಡಿತ್ತು. ಲಂಡನ್ನಿನ ದೊಡ್ಡ ಸಿನಿಮಾ ಕಂಪನಿಗೆ ತನ್ನ ಕಾಡು, ಆನೆ, ಮಹಲುಗಳ ಬಾಗಿಲು ತೆರೆದು ಕೊಟ್ಟಿತ್ತು. ಚಿತ್ರೀಕರಣ ಮುಗಿಸಿ ಹೊರಟ ಕಂಪನಿ ರೀಲುಗಳ ಜೊತೆಗೆ ಗಡಿನಾಡಿನ ಒಬ್ಬ ಹುಡುಗನನ್ನೂ ಕರೆದುಕೊಂಡು ಹೋಯಿತು. ಅವನೇ ಸಾಬು. ಹಾಲಿವುಡ್ಡಿನಲ್ಲಿ ತಾರೆಯಾಗಿ ಮೆರೆದ ಮೊದಲ ಭಾರತೀಯ ನಟ. ಗೋವೆಯಲ್ಲಿ ಪರದೇಶಿ ನಿರ್ಮಾಪಕರನ್ನು ಸ್ವಾಗತಿಸುವ ಈ ದಿನಗಳಲ್ಲಿ ಅವನ ಬದುಕನ್ನು ನೆನೆಯುವುದು ಅಗತ್ಯ. ಊರನ್ನು ಸಿನಿಮಾಕ್ಕೆ ಕೊಟ್ಟಾಗ ಊರಿನವರಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಆನೆ ಲಾಯದ ಮಗು

ಕಾರಾಪುರ ಇರುವುದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಕಬಿನಿ ದಂಡೆಯಲ್ಲಿ. ಆಚೆಗೆ ಕೇರಳದ ವಯನಾಡು. ಗೋವೆ ಗಡಿಯ ಜೋಯಿಡಾ, ಖಾನಾಪುರಗಳಂತೆ ಇದೂ ಕಾಡಿನ ಗಡಿ. ಗೆರೆ ಇರುವುದು ನಕ್ಷೆಯ ಮೇಲೆ ಮಾತ್ರ. ಆನೆಗೂ ಗೊತ್ತಿಲ್ಲ, ಮಳೆಗೂ ಗೊತ್ತಿಲ್ಲ. ಜನರ ನಾಲಗೆಯ ಮೇಲೂ ಒಂದಕ್ಕಿಂತ ಹೆಚ್ಚು ಭಾಷೆ.

ಮೈಸೂರು ಅರಸರ ಕಾಲದಲ್ಲಿ ಈ ಸೀಮೆ ಖೆಡ್ಡಾಕ್ಕೆ ಹೆಸರುವಾಸಿ. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿ, ಕೂಗಾಟಗಳಿಂದ ಬೆದರಿಸುತ್ತ, ದಿನಗಟ್ಟಲೆ ಅಟ್ಟಿಸಿಕೊಂಡು ಬಂದು, ನದಿ ದಾಟಿಸಿ, ದಪ್ಪ ಮರದ ದಿಮ್ಮಿಗಳ ಆವರಣದೊಳಗೆ ಕೂಡಿಹಾಕುವ ಸಾಹಸಕ್ಕೆ ಖೆಡ್ಡಾ ಎಂದು ಹೆಸರು. ಕಾಕನಕೋಟೆ ಖೆಡ್ಡಾ ನೋಡಲು ವೈಸರಾಯ್‌ಗಳಂಥ ದೊಡ್ಡ ಅತಿಥಿಗಳು ಬರುತ್ತಿದ್ದರು. ಆದರೆ ಸೆರೆ ಸಿಕ್ಕ ಆನೆಯನ್ನು ಪಳಗಿಸಿ ಮನುಷ್ಯರ ಮಾತು ಕೇಳುವಂತೆ ಮಾಡುತ್ತಿದ್ದವರು ಮಾವುತರು, ಕಾವಾಡಿಗಳು. ಅತಿಥಿಗಳ ಫೋಟೋದಲ್ಲಿ ಅವರ ಹೆಸರು ಇರುತ್ತಿರಲಿಲ್ಲ.

ಅಂಥದೊಂದು ಮಾವುತನ ಮನೆಯಲ್ಲಿ 1924ರ ಜನವರಿ 27ರಂದು ಸಾಬು ಹುಟ್ಟಿದ. ತಂದೆ ಮಹಾರಾಜರ ಆನೆಗಳ ಮಾವುತ. ತಾಯಿ ಅಸ್ಸಾಮಿನ ಕಡೆಯವಳು. ಮಗು ಚಿಕ್ಕದಿರುವಾಗಲೇ ತಾಯಿ ತೀರಿಕೊಂಡಳು. ಕೆಲವು ವರ್ಷಗಳಲ್ಲಿ ತಂದೆಯೂ ಹೋದ. ಉಳಿದವನು ಅಣ್ಣ ದಸ್ತಗೀರ್. ದಸ್ತಗೀರ್ ಎಂಬುದು ಅಣ್ಣನ ಹೆಸರು. ಮುಂದೆ ಲೋಕ ಅದನ್ನೇ ತಮ್ಮನ ಹೆಸರಿಗೂ ಸೇರಿಸಿ ಸಾಬು ದಸ್ತಗೀರ್ ಎಂದು ಕರೆಯಿತು.

ಅಪ್ಪ ಅಮ್ಮ ಇಲ್ಲದ ಹುಡುಗನಿಗೆ ಅರಮನೆಯ ಆನೆ ಲಾಯವೇ ಮನೆಯಾಯಿತು. ಆನೆಗೆ ಮೇವು ಹಾಕುವುದು, ಮೈ ತೊಳೆಯುವುದು, ಕಿವಿಯ ಹಿಂದೆ ಕಾಲು ಒತ್ತಿ ದಾರಿ ತೋರಿಸುವುದು, ಇವೇ ಅವನ ಪಾಠಗಳು. ಆನೆಯೇ ಅವನ ತೊಟ್ಟಿಲು ತೂಗುತ್ತಿತ್ತು ಎಂಬಂಥ ಕಥೆಗಳು ಮುಂದೆ ಅವನ ಹೆಸರಿಗೆ ಅಂಟಿಕೊಂಡವು. ಕಥೆ ಏನೇ ಇರಲಿ, ಹನ್ನೊಂದರ ಹರೆಯಕ್ಕೆ ಬರುವಷ್ಟರಲ್ಲಿ ದೊಡ್ಡ ಆನೆಯ ಕುತ್ತಿಗೆಯ ಮೇಲೆ ಕೂರುವುದು ಅವನಿಗೆ ಮನೆಯ ಜಗುಲಿಯ ಮೇಲೆ ಕೂತಷ್ಟೇ ಸಲೀಸಾಗಿತ್ತು.

ಲಂಡನ್ನಿನಿಂದ ಬಂದ ಕ್ಯಾಮರಾ

ಅತ್ತ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕೋರ್ಡಾ ಎಂಬ ನಿರ್ಮಾಪಕನ ಹೆಸರು ಮೇಲೇರುತ್ತಿತ್ತು. ಹಂಗೇರಿಯಿಂದ ಬಂದು ಇಂಗ್ಲೆಂಡಿನಲ್ಲಿ ಲಂಡನ್ ಫಿಲ್ಮ್ಸ್ ಕಂಪನಿ ಕಟ್ಟಿದವನು. 1933ರಲ್ಲಿ ಎಂಟನೇ ಹೆನ್ರಿ ದೊರೆಯ ಮೇಲೆ ಮಾಡಿದ ಚಿತ್ರ ಅವನಿಗೆ ಹಣವನ್ನೂ ಹೆಸರನ್ನೂ ತಂದಿತ್ತು. ಅದೇ ಹೊತ್ತಿಗೆ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕನ್ ನಿರ್ದೇಶಕ ಒಬ್ಬ ಹುಡುಗ ಮತ್ತು ಒಂದು ಆನೆಯ ಚಿತ್ರ ಮಾಡುವ ಯೋಚನೆಯಲ್ಲಿದ್ದ. ಹಿಮದ ನಾಡಿನ ಎಸ್ಕಿಮೊಗಳ ಬದುಕನ್ನು 1922ರಲ್ಲಿ 'ನಾನೂಕ್ ಆಫ್ ದಿ ನಾರ್ತ್' ಚಿತ್ರದಲ್ಲಿ ತೋರಿಸಿ ಸಾಕ್ಷ್ಯಚಿತ್ರಕ್ಕೆ ದಾರಿ ಹಾಕಿಕೊಟ್ಟವನು ಇವನೇ. ವೃತ್ತಿನಟರನ್ನು ಬಿಟ್ಟು ಸ್ಥಳೀಯರನ್ನೇ ಇಟ್ಟುಕೊಂಡು, ತಿಂಗಳುಗಟ್ಟಲೆ ಅವರೊಂದಿಗೆ ಇದ್ದು ಚಿತ್ರ ತೆಗೆಯುವುದು ಅವನ ಪದ್ಧತಿ.

ರುಡ್ಯಾರ್ಡ್ ಕಿಪ್ಲಿಂಗ್ ಬರೆದ ಆನೆ ಹುಡುಗ ತೂಮಾಯ್‌ನ ಕಥೆಯನ್ನು ಕೋರ್ಡಾ ಆರಿಸಿದ. ಮಾವುತನ ಮಗ ತೂಮಾಯ್‌ಗೆ ಬೇಟೆಗಾರನಾಗುವ ಆಸೆ. ಕಾಡಾನೆಗಳು ಕುಣಿಯುವುದನ್ನು ನೋಡಿದ ದಿನ ನೀನು ಬೇಟೆಗಾರನಾಗಬಹುದು ಎಂದು ದೊಡ್ಡವರು ಅವನನ್ನು ಗೇಲಿ ಮಾಡುತ್ತಾರೆ. ಒಂದು ರಾತ್ರಿ ತನ್ನ ಆನೆ ಕಾಲಾ ನಾಗ್‌ನ ಬೆನ್ನೇರಿ ಹೋದ ಹುಡುಗ ಅದನ್ನು ನಿಜವಾಗಿಯೂ ನೋಡಿ ಬರುತ್ತಾನೆ. ಇಷ್ಟೇ ಕಥೆ. ಆದರೆ ಇದನ್ನು ತೆಗೆಯಲು ಆನೆ ಬೇಕು, ಕಾಡು ಬೇಕು, ಖೆಡ್ಡಾ ಗೊತ್ತಿರುವ ಜನ ಬೇಕು. ಮೂರೂ ಒಂದೇ ಕಡೆ ಸಿಗುವ ಜಾಗ ಮೈಸೂರು.

1935ರಲ್ಲಿ ಫ್ಲಾಹರ್ಟಿಯ ತಂಡ ಮೈಸೂರಿಗೆ ಬಂತು. ಆಗ ಸಿಂಹಾಸನದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಇಂದು ಏಕಗವಾಕ್ಷಿ ಎಂದು ಯಾವುದನ್ನು ಹೇಳುತ್ತೇವೋ ಅದು ಅಂದು ಅರಮನೆಯ ಒಂದು ಅಪ್ಪಣೆಯಲ್ಲಿ ಮುಗಿಯುತ್ತಿತ್ತು. ತಂಡಕ್ಕೆ ಇಳಿದುಕೊಳ್ಳಲು ಚಿತ್ತರಂಜನ್ ಮಹಲ್ ಸಿಕ್ಕಿತು. ಅರಮನೆಯ ಆನೆಗಳು ಸಿಕ್ಕವು. ಕಾರಾಪುರ, ಕಾಕನಕೋಟೆ ಕಡೆಯ ಕಾಡು ಸಿಕ್ಕಿತು. ಆನೆ ಹಿಡಿಯುವ ದೃಶ್ಯಕ್ಕೆ ನಿಜವಾದ ಖೆಡ್ಡಾವೇ ಒದಗಿತು.

ಅಂದ ಹಾಗೆ, ಅದಕ್ಕೆ ಒಂದು ವರ್ಷ ಮೊದಲಷ್ಟೇ, 1934ರಲ್ಲಿ, ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ತೆರೆಕಂಡಿತ್ತು. ಅದನ್ನು ಚಿತ್ರೀಕರಿಸಲು ನಮ್ಮ ಕಲಾವಿದರು ಕೊಲ್ಹಾಪುರದ ಸ್ಟುಡಿಯೋಗೆ ಹೋಗಬೇಕಾಗಿತ್ತು. ಕನ್ನಡ ಸಿನಿಮಾಕ್ಕೆ ಮನೆಯಲ್ಲಿ ಜಾಗವಿಲ್ಲದ ಕಾಲದಲ್ಲಿ ಲಂಡನ್ ಸಿನಿಮಾಕ್ಕೆ ಮೈಸೂರು ಮನೆಯಾಗಿತ್ತು!

ಹುಡುಗ ಸಿಕ್ಕ

ಆನೆ ಸಿಕ್ಕಿತು, ಕಾಡು ಸಿಕ್ಕಿತು, ತೂಮಾಯ್ ಸಿಗಬೇಕಲ್ಲ? ತಂಡದವರು ಎಷ್ಟೋ ಹುಡುಗರನ್ನು ನೋಡಿದರು. ಕೊನೆಗೆ ಅರಮನೆಯ ಆನೆ ಲಾಯದಲ್ಲಿ ಕ್ಯಾಮರಾಮನ್ ಓಸ್ಮಂಡ್ ಬೊರಡೇಲ್ ಕಣ್ಣಿಗೆ ಬಿದ್ದವನು ಸಾಬು. ಸಣಕಲು ಮೈ, ಹೊಳೆಯುವ ಕಣ್ಣು, ಮುಖ ತುಂಬ ನಗು. ಕ್ಯಾಮರಾ ಎಂದರೆ ಏನು ಎಂಬ ಅಂಜಿಕೆ ಅವನಿಗಿರಲಿಲ್ಲ. ಅದಕ್ಕಿಂತ ದೊಡ್ಡ ಪ್ರಾಣಿಯ ಜೊತೆ ದಿನವೂ ಬದುಕುವವನಿಗೆ ಅದು ಒಂದು ಪೆಟ್ಟಿಗೆ ಅಷ್ಟೆ.

ಕಾಲಾ ನಾಗ್ ಪಾತ್ರಕ್ಕೆ ಆಯ್ಕೆಯಾದದ್ದು ಅರಮನೆಯ ಭಾರಿ ಆನೆ ಐರಾವತ. ಅದರ ಬೆನ್ನ ಮೇಲೆ ಹುಡುಗ ನದಿಗಿಳಿಯುವ, ಸೊಂಡಿಲು ಹಿಡಿದು ಮೇಲೇರುವ, ಕಿವಿಗೆ ಬಾಯಿಟ್ಟು ಮಾತನಾಡುವ ದೃಶ್ಯಗಳಲ್ಲಿ ನಟನೆ ಎಂಬುದು ಕಾಣುವುದೇ ಇಲ್ಲ. ಮಾವುತರ ಕೇರಿಯಲ್ಲಿ ದಿನವೂ ನಡೆಯುವುದು ಪರದೆಗೆ ಬಂದಂತಿದೆ. ಇಂದಿಗೂ ಆ ಚಿತ್ರವನ್ನು ನೋಡುವವರು ಮೆಚ್ಚುವುದು ಈ ಭಾಗವನ್ನೇ.

ಫ್ಲಾಹರ್ಟಿಗೆ ಅವಸರ ಗೊತ್ತಿರಲಿಲ್ಲ. ಮಳೆಗಾಲ ಬಂತು, ಕೆಲಸ ನಿಂತಿತು. ಮಳೆ ಹೋಯಿತು, ಮತ್ತೆ ಶುರುವಾಯಿತು. ವರ್ಷಕ್ಕೂ ಮಿಕ್ಕಿ ಕೆಲಸ ಸಾಗಿ ಸುಮಾರು 55 ಗಂಟೆಗಳಷ್ಟು ಚಿತ್ರ ತೆಗೆದದ್ದಾಯಿತು. ಕಾಡು ಇತ್ತು, ಆನೆ ಇತ್ತು, ಜಾತ್ರೆ ಇತ್ತು. ಕಥೆ ಮಾತ್ರ ಮುಂದೆ ಹೋಗಿರಲಿಲ್ಲ. ಖರ್ಚು ಏರುತ್ತಿರುವುದನ್ನು ಕಂಡು ಕೋರ್ಡಾ ತನ್ನ ತಮ್ಮ ಝೋಲ್ಟನ್ ಕೋರ್ಡಾನನ್ನು ಮೈಸೂರಿಗೆ ಕಳಿಸಿದ. 1936ರಲ್ಲಿ ಇಡೀ ತಂಡವನ್ನು ಇಂಗ್ಲೆಂಡಿಗೆ ವಾಪಸು ಕರೆಸಿಕೊಂಡ. ಕಥೆಯ ಉಳಿದ ಭಾಗ ಅಲ್ಲಿನ ಡೆನಮ್ ಸ್ಟುಡಿಯೋದಲ್ಲಿ ಆಗಬೇಕೆಂದು ತೀರ್ಮಾನವಾಯಿತು. ಅದಕ್ಕೆ ತೂಮಾಯ್ ಬೇಕು. ಹನ್ನೆರಡರ ಸಾಬು, ಜೊತೆಗೆ ಅಣ್ಣ ದಸ್ತಗೀರ್, ಹಡಗು ಹತ್ತಿದರು. ಐರಾವತ ಮೈಸೂರಿನಲ್ಲೇ ಉಳಿಯಿತು.

ಡೆನಮ್‌ನಲ್ಲಿ ನಕಲಿ ಕಾಡು ಎದ್ದಿತು. ಬೇರೆ ಸಾಕಾನೆಗಳು ಬಂದವು. ಮೈಸೂರಿನಲ್ಲಿ ತೆಗೆದ 55 ಗಂಟೆಗಳಲ್ಲಿ ಸ್ವಲ್ಪ, ಡೆನಮ್‌ನಲ್ಲಿ ತೆಗೆದದ್ದು ಸ್ವಲ್ಪ ಸೇರಿ ಸುಮಾರು 80 ನಿಮಿಷಗಳ 'ಎಲಿಫೆಂಟ್ ಬಾಯ್' ಸಿದ್ಧವಾಯಿತು. 1937ರಲ್ಲಿ ಚಿತ್ರ ಬಿಡುಗಡೆಯಾಗಿ ಜನ ಮುಗಿಬಿದ್ದು ನೋಡಿದರು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಫ್ಲಾಹರ್ಟಿ ಮತ್ತು ಝೋಲ್ಟನ್ ಕೋರ್ಡಾಗೆ ಶ್ರೇಷ್ಠ ನಿರ್ದೇಶನ ಪ್ರಶಸ್ತಿ ಬಂತು. ಜನರ ಬಾಯಲ್ಲಿ ಉಳಿದ ಹೆಸರು ಮಾತ್ರ ಒಂದೇ, ಸಾಬು.

ಮರಳಿ ಬಾರದ ದಾರಿ

ಹುಡುಗನನ್ನು ಇಂಗ್ಲೆಂಡಿನ ಶಾಲೆಗೆ ಸೇರಿಸಿದರು. ಇಂಗ್ಲಿಷ್ ಬೇಗ ಹತ್ತಿತು. ಕೋರ್ಡಾ ಕಂಪನಿ ಅವನಿಗಾಗಿಯೇ ಕಥೆ ಹುಡುಕತೊಡಗಿತು. 1938ರಲ್ಲಿ 'ದಿ ಡ್ರಮ್' ಬಂತು. ವಾಯವ್ಯ ಗಡಿಯ ಒಬ್ಬ ರಾಜಕುಮಾರ ಬ್ರಿಟಿಷರಿಗೆ ನೆರವಾಗುವ ಕಥೆ. ಸ್ವಾತಂತ್ರ್ಯ ಚಳವಳಿ ಬಿಸಿಯಾಗಿದ್ದ ಕಾಲ ಅದು. ಬ್ರಿಟಿಷ್ ಆಳ್ವಿಕೆಯನ್ನು ಹೊಗಳುವ, ನಮ್ಮವರನ್ನು ಹೀನಾಯವಾಗಿ ತೋರಿಸುವ ಚಿತ್ರ ಎಂದು ಮುಂಬೈ, ಮದರಾಸುಗಳಲ್ಲಿ ಜನ ಬೀದಿಗಿಳಿದರು. ಪ್ರದರ್ಶನ ನಿಲ್ಲಿಸಬೇಕಾಯಿತು. ಸ್ವಂತ ದೇಶದಲ್ಲಿ ತನ್ನ ಚಿತ್ರಕ್ಕೆ ವಿರೋಧ ಎದ್ದಾಗ ಸಾಬುಗೆ ಹದಿನಾಲ್ಕು ವರ್ಷ. ಕಥೆ ಆರಿಸಿದವನು ಅವನಲ್ಲ, ಮಾತು ಬರೆದವನೂ ಅವನಲ್ಲ. ಮುಖ ಮಾತ್ರ ಅವನದು.

ಮುಂದಿನ ಚಿತ್ರ 'ದಿ ಥೀಫ್ ಆಫ್ ಬಾಗ್ದಾದ್' ಅವನನ್ನು ಆಕಾಶಕ್ಕೇರಿಸಿತು. ಇಂಗ್ಲೆಂಡಿನಲ್ಲಿ ಚಿತ್ರೀಕರಣ ನಡೆದಿರುವಾಗಲೇ 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಕೆಲಸವನ್ನು ಅರ್ಧಕ್ಕೆ ಬಿಡಲಾಗದೆ ಕೋರ್ಡಾ ತಂಡವನ್ನು ಅಮೆರಿಕಕ್ಕೆ ಸಾಗಿಸಿದ. ಸಾಬು ಹಾಲಿವುಡ್ ತಲುಪಿದ್ದು ಹೀಗೆ. 1940ರಲ್ಲಿ ಬಂದ ಆ ಬಣ್ಣದ ಚಿತ್ರಕ್ಕೆ ಛಾಯಾಗ್ರಹಣ, ಕಲಾ ನಿರ್ದೇಶನ ಮತ್ತು ವಿಶೇಷ ಪರಿಣಾಮಗಳಿಗಾಗಿ ಮೂರು ಆಸ್ಕರ್ ಸಿಕ್ಕವು. ಬಾಟಲಿಯಿಂದ ಹೊರಬಂದ ದೈತ್ಯ ಜೀನಿಯನ್ನು ಉಪಾಯದಿಂದ ಮಣಿಸುವ ಪುಟ್ಟ ಕಳ್ಳ ಅಬುವಿನ ಪಾತ್ರವನ್ನು ಲೋಕದ ಮಕ್ಕಳೆಲ್ಲ ತಮ್ಮವನೆಂದುಕೊಂಡರು.

1942ರಲ್ಲಿ 'ಜಂಗಲ್ ಬುಕ್'. ಮೌಗ್ಲಿಯಾಗಿ ಸಾಬು. ನಿರ್ದೇಶಕ ಅದೇ ಝೋಲ್ಟನ್ ಕೋರ್ಡಾ. ಕಥೆ ಭಾರತದ ಕಾಡಿನದು, ಚಿತ್ರೀಕರಣ ಕ್ಯಾಲಿಫೋರ್ನಿಯಾದಲ್ಲಿ! ಕೆರೆಯ ದಂಡೆಯಲ್ಲಿ ಗಿಡ ನೆಟ್ಟು, ಬಳ್ಳಿ ಕಟ್ಟಿ, ನಕಲಿ ದೇಗುಲ ನಿಲ್ಲಿಸಿ ಭಾರತವನ್ನು ತಯಾರಿಸಲಾಯಿತು. ಯುದ್ಧಕಾಲ, ಭಾರತಕ್ಕೆ ಬರುವಂತಿರಲಿಲ್ಲ ನಿಜ. ಆದರೆ ಯುದ್ಧ ಮುಗಿದ ಮೇಲೂ ಅದೇ ಅಭ್ಯಾಸ ಮುಂದುವರಿಯಿತು. ಸಾಬುವಿನಂಥ ಒಂದು ಮುಖ, ನಾಲ್ಕು ಪ್ರಾಣಿ, ಒಂದಿಷ್ಟು ಗಿಡ ಇದ್ದರೆ ಸಾಕು, ಭಾರತ ಆಯಿತು ಎಂದು ಹಾಲಿವುಡ್ ಲೆಕ್ಕ ಹಾಕಿತ್ತು. ಯೂನಿವರ್ಸಲ್ ಕಂಪನಿಯ 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್' ಚಿತ್ರಗಳಲ್ಲಿ ಅವನು ಅರಬ್ಬನೂ ಆದ, ದ್ವೀಪವಾಸಿಯೂ ಆದ. ದೇಶ ಯಾವುದಾದರೂ ಪಾತ್ರ ಒಂದೇ. ನಾಯಕನಿಗೆ ನೆರವಾಗುವ, ಮೈಮೇಲೆ ಬಟ್ಟೆ ಕಡಿಮೆ ಇರುವ, ನಗುಮುಖದ ಹುಡುಗ.

ವಿಮಾನದ ಬಂದೂಕುಗಾರ

1944ರಲ್ಲಿ ಸಾಬು ಅಮೆರಿಕದ ಪೌರತ್ವ ಪಡೆದರು. ಇಪ್ಪತ್ತರ ತರುಣ ಆಗ ಮಾಡಿದ ಮುಂದಿನ ಕೆಲಸ ಸೈನ್ಯ ಸೇರಿದ್ದು. ತಾರೆಯೆಂದು ಹೇಳಿಕೊಂಡು ಪ್ರಚಾರದ ಸುರಕ್ಷಿತ ಕೆಲಸಕ್ಕೆ ಅವರು ಅಂಟಿಕೊಳ್ಳಲಿಲ್ಲ. ಅಮೆರಿಕದ ಸೇನಾ ವಾಯುಪಡೆಯ ಬಿ-24 ಬಾಂಬರ್ ವಿಮಾನಗಳಲ್ಲಿ ಬಂದೂಕುಗಾರರಾದರು. ಶತ್ರು ವಿಮಾನಗಳು ಮೊದಲು ಗುರಿಯಿಡುವ ಜಾಗಗಳಲ್ಲಿ ಒಂದು ಅದು. ಪೆಸಿಫಿಕ್ ಸಾಗರದ ಮೇಲೆ ಹತ್ತಾರು ದಾಳಿಗಳಲ್ಲಿ ಪಾಲ್ಗೊಂಡರು. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಎದೆಗೇರಿತು. ಬದುಕಿನಲ್ಲಿ ಅವರು ವಹಿಸಿದ ಪಾತ್ರಗಳಲ್ಲಿ ಬೇರೆಯವರು ಬರೆದುಕೊಡದ ಪಾತ್ರ ಬಹುಶಃ ಇದೊಂದೇ.

ಯುದ್ಧದಿಂದ ಹಿಂದಿರುಗಿದಾಗ ಅವರು ಹುಡುಗರಾಗಿ ಉಳಿದಿರಲಿಲ್ಲ. ಹಾಲಿವುಡ್ಡಿಗೆ ಮಾತ್ರ ಇನ್ನೂ ಹುಡುಗನೇ ಬೇಕಾಗಿತ್ತು. 1947ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ 'ಬ್ಲ್ಯಾಕ್ ನಾರ್ಸಿಸಸ್' ಚಿತ್ರದಲ್ಲಿ ಒಳ್ಳೆಯ ಪಾತ್ರ ಸಿಕ್ಕಿತು. ಹಿಮಾಲಯದ ಮಡಿಲಿನ ಕಥೆ. ಆದರೆ ತಂಡ ಭಾರತಕ್ಕೆ ಬರಲೇ ಇಲ್ಲ. ಪೈನ್‌ವುಡ್ ಸ್ಟುಡಿಯೋದಲ್ಲಿ ಗಾಜಿನ ಮೇಲೆ ಚಿತ್ರ ಬರೆದು, ಗೊಂಬೆಮನೆಯಂಥ ಮಾದರಿ ಕಟ್ಟಿ ಹಿಮಾಲಯವನ್ನು ಮಾಡಿದರು. ಅಷ್ಟು ಚೆನ್ನಾಗಿ ಮಾಡಿದ್ದರು ಎಂದರೆ ಅದಕ್ಕೆ ಎರಡು ಆಸ್ಕರ್ ಬಂದವು. ಭಾರತ ಸ್ವತಂತ್ರವಾದ ವರ್ಷವೇ ಭಾರತವಿಲ್ಲದ ಭಾರತದ ಚಿತ್ರ ಜಗತ್ತನ್ನು ಮರುಳು ಮಾಡಿತ್ತು. ಅದೇ ವರ್ಷದ 'ದಿ ಎಂಡ್ ಆಫ್ ದಿ ರಿವರ್' ಚಿತ್ರಕ್ಕಾಗಿ ತಂಡ ಬ್ರೆಜಿಲ್‌ಗೆ ಹೋಯಿತು. ಅಲ್ಲಿ ಅಮೆಜಾನ್ ಕಾಡಿನ ಮೂಲನಿವಾಸಿಯ ಪಾತ್ರ ಮಾಡಿದವರು ಕಾರಾಪುರದ ಸಾಬು.

1948ರಲ್ಲಿ ನಟಿ ಮರ್ಲಿನ್ ಕೂಪರ್ ಅವರೊಂದಿಗೆ ಮದುವೆಯಾಯಿತು. ಇಬ್ಬರು ಮಕ್ಕಳು. ಸಂಸಾರ ನೆಲೆಯಾಯಿತು, ಸಿನಿಮಾ ಬದುಕು ಇಳಿಯತೊಡಗಿತು. 'ಮ್ಯಾನ್ ಈಟರ್ ಆಫ್ ಕುಮಾವ್', 'ಸಾಂಗ್ ಆಫ್ ಇಂಡಿಯಾ' ಎಂಬ ಹೆಸರುಗಳಲ್ಲಿ ಭಾರತ ಇತ್ತು, ರೀಲಿನಲ್ಲಿ ಇದ್ದದ್ದು ಅಮೆರಿಕದ ಸ್ಟುಡಿಯೋ. ಇಟಲಿಗೆ ಹೋಗಿ ವಿತ್ತೋರಿಯೋ ದೆ ಸೀಕಾ ಜೊತೆ ಒಂದು ಆನೆ ಚಿತ್ರದಲ್ಲಿ ನಟಿಸಿದರು. 1952ರಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಯೊಂದಿಗೆ ಪ್ರದರ್ಶನ ಕೊಟ್ಟರು. ಮೂವತ್ತರ ಹತ್ತಿರ ಬಂದರೂ ಮತ್ತೆ ಅದೇ ಆನೆ, ಅದೇ ಪೇಟ.

ಒಂದು ಅವಕಾಶ ಮಾತ್ರ ತೀರ ಹತ್ತಿರ ಬಂದು ತಪ್ಪಿಹೋಯಿತು. ಮೆಹಬೂಬ್ ಖಾನ್ ತಮ್ಮ 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆ ಸಾಬು ಅವರನ್ನು ಯೋಚಿಸಿದ್ದರು. ಅದು ಕೈಗೂಡಲಿಲ್ಲ. ಪಾತ್ರ ಸುನೀಲ್ ದತ್ ಅವರ ಪಾಲಾಯಿತು. 1957ರಲ್ಲಿ ತೆರೆಕಂಡ ಚಿತ್ರ ಚರಿತ್ರೆಯಾಯಿತು. ಲೋಕಕ್ಕೆಲ್ಲ ಭಾರತದ ಮುಖವಾಗಿದ್ದ ನಟ ಭಾರತೀಯ ಚಿತ್ರವೊಂದರಲ್ಲೂ ನಟಿಸದೇ ಹೋದರು.

1960ರಲ್ಲಿ ಹಾಲಿವುಡ್ಡಿನ ತಾರೆಗಳ ಕಾಲುದಾರಿಯಲ್ಲಿ ಅವರ ಹೆಸರಿನ ನಕ್ಷತ್ರ ಕೂಡಿಸಿದರು. ಅದೇ ವರ್ಷ, ಹಡಗಿನಲ್ಲಿ ಜೊತೆಗೆ ಬಂದಿದ್ದ ಅಣ್ಣ ದಸ್ತಗೀರ್ ದರೋಡೆಯೊಂದರಲ್ಲಿ ಕೊಲೆಯಾದರು. ಕಾರಾಪುರದ ದಿನಗಳನ್ನು ಕೂತು ಹಂಚಿಕೊಳ್ಳಲು ಇದ್ದ ಒಬ್ಬನೇ ಜೊತೆಗಾರನೂ ಇಲ್ಲವಾದ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಸಾಬು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 39. ಡಿಸ್ನಿ ಕಂಪನಿಗಾಗಿ ನಟಿಸಿದ್ದ ಅವರ ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ಮರುವರ್ಷ ಬಿಡುಗಡೆಯಾಯಿತು. ಹಾಲಿವುಡ್ ಬೆಟ್ಟಗಳ ಮಗ್ಗುಲಿನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಇತ್ತ ಮೈಸೂರಿನಲ್ಲಿ

ಸಾಬು ಹೋದ ಮೇಲೆಯೂ ಕ್ಯಾಮರಾಗಳು ಇತ್ತ ಬರುವುದು ನಿಲ್ಲಲಿಲ್ಲ. 1962ರ 'ಟಾರ್ಜನ್ ಗೋಸ್ ಟು ಇಂಡಿಯಾ' ನಮ್ಮ ಕಡೆ ಚಿತ್ರೀಕರಣಗೊಂಡಿತು. ಅದರಲ್ಲೂ ಒಬ್ಬ ಆನೆ ಹುಡುಗ ಇದ್ದ. 1984ರಲ್ಲಿ ತೆರೆಕಂಡ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಬೆಂಗಳೂರಿನಲ್ಲೂ ಸಾವನದುರ್ಗದ ಬಂಡೆಗಳ ನಡುವೆಯೂ ತಯಾರಾಯಿತು.

ಫ್ಲಾಹರ್ಟಿ ತಂಡ ಇಳಿದಿದ್ದ ಚಿತ್ತರಂಜನ್ ಮಹಲ್ ಮುಂದೆ ಪ್ರೀಮಿಯರ್ ಸ್ಟುಡಿಯೋದ ಭಾಗವಾಯಿತು. 1989ರ ಫೆಬ್ರವರಿಯಲ್ಲಿ ಅದೇ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣ ನಡೆದಿದ್ದಾಗ ಬೆಂಕಿ ಬಿದ್ದು 62 ಜನ ಸತ್ತರು. ಸಿನಿಮಾ ಬಂದ ಊರಿನ ನೆನಪಿನಲ್ಲಿ ಇಂಥ ಲೆಕ್ಕವೂ ಇರುತ್ತದೆ. ಮಹಲು ಈಗ ಹೋಟೆಲ್ ಆಗಿದೆ.

ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಕಾಯಿದೆ ಬಂತು. ಆಮೇಲೆ ಕಬಿನಿ ಅಣೆಕಟ್ಟು ಎದ್ದು ಖೆಡ್ಡಾದ ನೆಲ ಹಿನ್ನೀರಿನಲ್ಲಿ ಮುಳುಗಿತು. ಮಹಾರಾಜರ ಬೇಟೆಯ ಬಂಗಲೆ ಇದ್ದ ಕಾರಾಪುರದಲ್ಲಿ ಪ್ರವಾಸಿಗರ ವಸತಿಗೃಹ ಬಂತು. ಅದೇ ಕಾಡಿನ ಮುಂದುವರಿಕೆಯಾದ, ಬಂಡೀಪುರದ ಗಡಿಯಾಚೆ ತಮಿಳುನಾಡಿನ ತೆಪ್ಪಕಾಡು ಆನೆ ಶಿಬಿರದಲ್ಲಿ ಅನಾಥ ಮರಿಯಾನೆಯನ್ನು ಸಾಕಿದ ಬುಡಕಟ್ಟು ದಂಪತಿಯ ಸಾಕ್ಷ್ಯಚಿತ್ರ 'ದಿ ಎಲಿಫೆಂಟ್ ವಿಸ್ಪರರ್ಸ್' 2023ರಲ್ಲಿ ಆಸ್ಕರ್ ಗೆದ್ದಿತು. ಸಾಬುವಿನ ಕಾಲಕ್ಕೂ ಈ ಕಾಲಕ್ಕೂ ಒಂದು ವ್ಯತ್ಯಾಸ ಉಂಟು. ಈ ಸಲ ಆನೆಯ ಜನ ತಮ್ಮ ಊರಿನಲ್ಲೇ ಇದ್ದು, ತಮ್ಮ ಮಾತಿನಲ್ಲೇ, ತಮ್ಮದೇ ಕಥೆ ಹೇಳಿದರು.

ಗಡಿಯ ಜನ ಕೇಳಬೇಕಾದ್ದು

ಸಾಬು ಅವರ ಬದುಕನ್ನು ದುರಂತ ಎಂದುಬಿಡುವುದು ಸುಲಭ. ಅದು ಪೂರ್ತಿ ಸರಿಯಲ್ಲ. ಅಪ್ಪ ಅಮ್ಮ ಇಲ್ಲದ ಮಾವುತನ ಮಗ ಆನೆ ಲಾಯದಲ್ಲೇ ಉಳಿದಿದ್ದರೆ ಜಗತ್ತು ನೋಡುತ್ತಿರಲಿಲ್ಲ. ಸಿನಿಮಾ ಅವರಿಗೆ ಓದು, ಹಣ, ಹೆಸರು, ಸಂಸಾರ ಎಲ್ಲ ಕೊಟ್ಟಿತು. ಆದರೆ ಬೆಳೆಯಲು ಬಿಡಲಿಲ್ಲ. ಮೈಸೂರು ಸಂಸ್ಥಾನ ತನ್ನ ಆನೆಯನ್ನೂ ಕಾಡನ್ನೂ ಮಹಲನ್ನೂ ಉದಾರವಾಗಿ ಕೊಟ್ಟಿತು. ಜೊತೆಗೆ ಹೋದ ಹುಡುಗನ ಮುಂದಿನ ದಿನಗಳ ಬಗ್ಗೆ ಕರಾರು ಮಾಡಿಕೊಳ್ಳುವ ಯೋಚನೆ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಆ ಚಿತ್ರದಿಂದ ಕ್ಯಾಮರಾ ಹಿಡಿಯಲು, ಧ್ವನಿ ಮುದ್ರಿಸಲು, ಕಥೆ ಬರೆಯಲು ಕಲಿತ ಕಾರಾಪುರದವರ ಒಂದು ತಲೆಮಾರೂ ಹುಟ್ಟಲಿಲ್ಲ.

ಗೋವೆಯಲ್ಲಿ ಇಂದು ನಡೆಯುವ ಆಹ್ವಾನಕ್ಕೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಸರ್ಕಾರ ಇದನ್ನು ಗಮನಿಸಿಲ್ಲ ಎನ್ನುವಂತಿಲ್ಲ. 2022ರಲ್ಲಿ ಪ್ರಕಟವಾದ ಪ್ರೋತ್ಸಾಹಧನ ಯೋಜನೆಯಲ್ಲೇ, ಕೆಲಸಗಾರರಲ್ಲಿ ಶೇ. 15 ಅಥವಾ ಅದಕ್ಕಿಂತ ಹೆಚ್ಚು ಜನ ಭಾರತೀಯರಾಗಿದ್ದರೆ ವಿದೇಶಿ ಚಿತ್ರಕ್ಕೆ ಹೆಚ್ಚುವರಿ ಹಣ ಎಂಬ ಅಂಶ ಇತ್ತು. ಒಳ್ಳೆಯ ನಿಯಮ. ಆದರೆ ಆ ಪಾಲಿನಲ್ಲಿ ಮುಂಬೈ, ಚೆನ್ನೈಗಳ ಪಳಗಿದ ತಂತ್ರಜ್ಞರು ಎಷ್ಟು, ಚಿತ್ರೀಕರಣ ನಡೆಯುವ ಹಳ್ಳಿಯವರು ಎಷ್ಟು ಎಂದು ಕೇಳುವವರು ಬೇಕು. ಹಡಗಿನ ಕಥೆಗೆ ಮೀನುಗಾರ, ಕಾಡಿನ ಕಥೆಗೆ ಗೌಳಿ, ಕುಣಬಿ, ಅವರು ಬರಿ ಹಿನ್ನೆಲೆಯ ಗುಂಪಿನಲ್ಲಿ ನಿಲ್ಲುವುದಕ್ಕೆ ಮಾತ್ರವೋ, ಅಥವಾ ಅವರ ಮಕ್ಕಳು ದೀಪ, ಧ್ವನಿ, ಕ್ಯಾಮರಾ ಕೆಲಸ ಕಲಿಯಲು ದಾರಿ ಉಂಟೋ? ಮಕ್ಕಳು ನಟಿಸಿದರೆ ಅವರ ಶಾಲೆ, ಸಂಬಳ, ಚಿತ್ರ ಮುಗಿದ ಮೇಲಿನ ಬದುಕು, ಇವು ಕಾಗದದಲ್ಲಿ ಬರೆದಿರುತ್ತವೋ? ಎರಡು ಮೂರು ಭಾಷೆ ಬಲ್ಲ ಗಡಿಯ ಯುವಕ ಯುವತಿಯರಿಗೆ ಹೊರಗಿನ ತಂಡಗಳಲ್ಲಿ ಕೆಲಸ ಹಿಡಿಯುವ ಅರ್ಹತೆ ಬೇರೆಯವರಿಗಿಂತ ಒಂದು ಕೈ ಹೆಚ್ಚೇ ಇದೆ. ಕೇಳಿ ಪಡೆಯಬೇಕು, ಅಷ್ಟೆ.

ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ದಂಡೆಯ ಹಸಿರು ಹುಲ್ಲಿಗೆ ನೂರಾರು ಕಾಡಾನೆಗಳು ಇಳಿದು ಬರುತ್ತವೆ. ನೋಡಲು ದೇಶ ವಿದೇಶಗಳಿಂದ ಜನ ಕ್ಯಾಮರಾ ಹಿಡಿದು ಬರುತ್ತಾರೆ. ಅವರು ನಿಂತು ಫೋಟೋ ತೆಗೆಯುವ ಜಾಗದ ಆಸುಪಾಸಿನಲ್ಲೇ, ಸುಮಾರು 90 ವರ್ಷಗಳ ಹಿಂದೆ, ಹನ್ನೊಂದರ ಹುಡುಗನೊಬ್ಬ ಐರಾವತದ ಕುತ್ತಿಗೆಯ ಮೇಲೆ ಕೂತು ನೀರಿಗಿಳಿದಿದ್ದ. ಆ ನೆಲ ಇಂದು ನೀರಿನ ಅಡಿಯಲ್ಲಿದೆ. 'ಎಲಿಫೆಂಟ್ ಬಾಯ್' ಚಿತ್ರದಲ್ಲಿ ಮಾತ್ರ ಅದು ಹಾಗೆಯೇ ಉಳಿದಿದೆ. ಹುಡುಗ ನಗುತ್ತಿದ್ದಾನೆ.